ಹಿಂದಿನ ಸೀಟಿನ ಕೆಳಗಿನ ಕೆಲಸ: ಮನೆ ಅಂಗಳದಲ್ಲೇ ಕಾರಿನ ಫ್ಯೂಯಲ್ ಪಂಪ್ ಬದಲಿಸುವುದು

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತು. ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ವಾಪಸ್ ಬರುತ್ತಿದ್ದೆ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆ ಹತ್ತಿರ ಬಂದಾಗ ಕಾರು ಎರಡು ಸಲ ಮುಗ್ಗರಿಸಿತು. ಮೂರನೇ ಸಲಕ್ಕೆ ನಿಂತೇ ಹೋಯಿತು. ಬ್ಯಾಟರಿ ಸರಿ ಇದೆ, ಸೆಲ್ಫ್ ತಿರುಗುತ್ತಿದೆ, ಎಂಜಿನ್ ಮಾತ್ರ ಹಿಡಿಯುತ್ತಿಲ್ಲ. ಬಾನೆಟ್ ಎತ್ತಿ ಸುಮ್ನೆ ನೋಡುತ್ತ ನಿಂತೆ. ಬಾನೆಟ್ ಎತ್ತಿದರೆ ಏನೋ ಹೊಳೆಯುತ್ತದೆ ಅನ್ನೋ ನಂಬಿಕೆ ನಮಗೆಲ್ಲ ಇದೆ, ಅಲ್ವಾ?

ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದ ಲಾರಿ ಡ್ರೈವರ್ ಒಬ್ಬರು ಬಂದು ಕೇಳಿದರು. "ಪೆಟ್ರೋಲ್ ಗಾಡಿನಾ ಸಾರ್? ನಾನು ಕೆಳಗಿಂದ ಟ್ಯಾಂಕಿಗೆ ಎರಡು ಗುದ್ದು ಕೊಡ್ತೀನಿ, ನೀವು ಸೆಲ್ಫ್ ಹೊಡೀರಿ." ಅವರು ಗುದ್ದಿದರು, ನಾನು ಸೆಲ್ಫ್ ಹೊಡೆದೆ. ಗಾಡಿ ಸ್ಟಾರ್ಟ್ ಆಯಿತು! "ಪಂಪ್ ಹೋಗಿದೆ. ಇವತ್ತು ಮನೆ ಮುಟ್ಟಿಸುತ್ತೆ, ನಾಳೆ ನಂಬಬೇಡಿ" ಅಂದು ಟೀ ಮುಗಿಸಲು ಹೋದರು.

ಅವರು ಹೇಳಿದ್ದು ಫ್ಯೂಯಲ್ ಪಂಪಿನ ವಿಷಯ, ಅಂದರೆ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪು. ಹೇಳಿದ ಹಾಗೇ ಆಯಿತು. ಮಾರನೇ ದಿನ ಕಾರು ಅಂಗಳ ಬಿಟ್ಟು ಅಲ್ಲಾಡಲಿಲ್ಲ. ನಮ್ಮ ಮನೆಯಿಂದ ಪೇಟೆಗೆ ಕಾರು ಎಳೆಸಿಕೊಂಡು ಹೋಗಬೇಕೆಂದರೆ ಅದೇ ಒಂದು ದೊಡ್ಡ ಖರ್ಚು. ಹಾಗಾಗಿ ನಾನೇ ಕೈ ಹಾಕಿದೆ. ಒಂದು ಸಲ ಅಲ್ಲ, ಎರಡು ಸಲ ಮಾಡಿದೆ. ಎರಡನೇ ಸಲ ಯಾಕೆ ಮಾಡಬೇಕಾಯಿತು ಅಂತ ಮುಂದೆ ಹೇಳುತ್ತೇನೆ.

ಈ ಕೆಲಸದಲ್ಲಿ ಸ್ಪ್ಯಾನರ್ ಹಿಡಿಯುವುದು ಹೆಚ್ಚೆಂದರೆ ಒಂದು ಗಂಟೆ. ಉಳಿದ ಹೊತ್ತೆಲ್ಲ ಎರಡೇ ವಿಷಯಕ್ಕೆ: ಪಂಪೇ ಹೋಗಿದೆ ಅಂತ ಖಾತ್ರಿ ಮಾಡಿಕೊಳ್ಳುವುದು, ಪೆಟ್ರೋಲ್ ಆವಿ ಇರುವ ಕಡೆ ಕಿಡಿ ಸುಳಿಯದ ಹಾಗೆ ನೋಡಿಕೊಳ್ಳುವುದು. ಈ ಎರಡಕ್ಕೆ ತಾಳ್ಮೆ ಇಲ್ಲ ಅಂದರೆ ಗ್ಯಾರೇಜಿಗೆ ಫೋನ್ ಮಾಡಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ನಿಮ್ಮ ಕಾರಿಗೆ ಇದು ಹೊಂದುತ್ತದಾ?

ಕಾರ್ಬುರೇಟರ್ ಇದ್ದ ಹಳೇ ಮಾರುತಿ 800ರಲ್ಲಿ ಪಂಪ್ ಎಂಜಿನ್ನಿಗೇ ಅಂಟಿಕೊಂಡಿತ್ತು. ಒಳಗೊಂದು ರಬ್ಬರ್ ಡಯಾಫ್ರಮ್, ಎಂಜಿನ್ ತಿರುಗಿದಂತೆ ಅದು ಮೇಲೆ ಕೆಳಗೆ ಆಡಿ ಪೆಟ್ರೋಲ್ ಎಳೆಯುತ್ತಿತ್ತು. ಎರಡು ನಟ್ ಬಿಚ್ಚಿದರೆ ಪಂಪ್ ಕೈಗೆ ಬರುತ್ತಿತ್ತು. ಪೆಟ್ರೋಲನ್ನು ಒತ್ತಡದಲ್ಲಿ ಎಂಜಿನ್ನಿಗೆ ಚಿಮ್ಮಿಸುವ ಇಂಜೆಕ್ಷನ್ ಕಾರುಗಳು ಬಂದ ಮೇಲೆ ಪಂಪ್ ಕರೆಂಟಿನದಾಯಿತು, ಪೆಟ್ರೋಲ್ ಟ್ಯಾಂಕಿನ ಒಳಗೇ ಮುಳುಗಿ ಕೂತಿತು. ನಾನು ಹೇಳುತ್ತಿರುವುದು ಈ ಎರಡನೇ ಥರದ್ದು. ಡೀಸೆಲ್ ಗಾಡಿಯ ಲೆಕ್ಕವೇ ಬೇರೆ, ಅದು ಇಲ್ಲಿ ಬೇಡ.

ಮನೆಯಲ್ಲಿ ಮಾಡಬಹುದಾ ಇಲ್ಲವಾ ಅನ್ನುವುದನ್ನು ಹಿಂದಿನ ಸೀಟೇ ಹೇಳುತ್ತದೆ. ಹ್ಯುಂಡೈ ಸ್ಯಾಂಟ್ರೊ, ಐ10 ಥರದ ಕಾರುಗಳಲ್ಲಿ ಹಿಂದಿನ ಸೀಟ್ ಎತ್ತಿದರೆ ನೆಲದಲ್ಲಿ ಒಂದು ತಗಡಿನ ಮುಚ್ಚಳ ಕಾಣುತ್ತದೆ. ಅದರ ಕೆಳಗೇ ಪಂಪ್. ಇಂಥ ಮುಚ್ಚಳ ಇದ್ದರೆ ಕೆಲಸ ಸಲೀಸು. ಮುಚ್ಚಳ ಇಲ್ಲದ ಕಾರುಗಳೂ ಇವೆ. ಅವುಗಳಲ್ಲಿ ಇಡೀ ಟ್ಯಾಂಕನ್ನೇ ಕೆಳಗಿಳಿಸಬೇಕು. ಅದಕ್ಕೆ ಗಾಡಿ ಎತ್ತಬೇಕು, ತೂಕದ ಟ್ಯಾಂಕ್ ಹಿಡಿಯಬೇಕು, ಕೆಳಗೆ ಮಲಗಿಕೊಂಡು ಮುಖದ ಮೇಲೆ ಪೆಟ್ರೋಲ್ ಹನಿಸಿಕೊಳ್ಳಬೇಕು. ಮನೆಯಲ್ಲಿ ಖಂಡಿತ ಬೇಡ. ಶಿವಮೊಗ್ಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಗ್ಯಾರೇಜುಗಳಿವೆ, ಅಲ್ಲಿ ಎತ್ತುವ ಯಂತ್ರವಿದ್ದವರಿಗೆ ಬಿಡಿ. ಕೆಲವರು ಸೀಟಿನ ಕೆಳಗಿನ ತಗಡನ್ನು ಕಟಿಂಗ್ ಮಷಿನ್ನಿನಲ್ಲಿ ಕತ್ತರಿಸಿ ತಾವೇ ಮುಚ್ಚಳ ಮಾಡಿಕೊಳ್ಳುತ್ತಾರೆ. ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ ಕಿಡಿ ಹಾರಿಸುವ ಧೈರ್ಯ ನನಗಂತೂ ಇಲ್ಲ.

ಪಂಪೇ ಹೋಗಿದೆಯಾ?

ಮೊದಲು ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ ನೋಡಿ. ನಗಬೇಡಿ. ನಮ್ಮ ಭಾವ ಅರ್ಧ ದಿನ ಪಂಪ್, ಫ್ಯೂಸ್ ಅಂತ ಹುಡುಕಿದ ಮೇಲೆ ಗೊತ್ತಾಗಿದ್ದು, ಮೀಟರಿನ ಮುಳ್ಳು ಕಾಲು ಟ್ಯಾಂಕಿನಲ್ಲೇ ಸಿಕ್ಕಿಕೊಂಡಿದೆ, ಟ್ಯಾಂಕ್ ಪೂರ್ತಿ ಒಣಗಿದೆ ಅಂತ. ಎರಡು ಲೀಟರ್ ಹಾಕಿದ ಮೇಲೆ ಗಾಡಿ ಸ್ಟಾರ್ಟ್ ಆಯಿತು.

ಆಮೇಲೆ ಕಿವಿ ಕೊಡಿ. ಗದ್ದಲ ಇಲ್ಲದ ಜಾಗದಲ್ಲಿ ಒಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ. ನೀವು ಕೀಲಿ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹೆಚ್ಚಿನ ಕಾರುಗಳಲ್ಲಿ ಎರಡು ಮೂರು ಸೆಕೆಂಡ್ "ಗುಂಯ್" ಅಂತ ಸಣ್ಣ ಸದ್ದು ಬಂದು ನಿಲ್ಲುತ್ತದೆ. ಅದು ಪಂಪ್ ಪೈಪಿನೊಳಗೆ ಒತ್ತಡ ತುಂಬುವ ಸದ್ದು. ಸದ್ದೇ ಇಲ್ಲ ಅಂದರೆ ಪಂಪಿಗೆ ಕರೆಂಟ್ ಹೋಗುತ್ತಿಲ್ಲ, ಇಲ್ಲವೇ ಮೋಟರ್ ಸತ್ತಿದೆ. ಇವೆರಡರಲ್ಲಿ ಯಾವುದು ಅಂತ ತಿಳಿಯದೆ ಪಂಪ್ ಕೊಂಡು ತಂದರೆ ದುಡ್ಡು ದಂಡ.

ಕರೆಂಟಿನ ದಾರಿಯನ್ನು ಮುಂದಿನಿಂದ ಹಿಂದಕ್ಕೆ ನೋಡುತ್ತ ಬನ್ನಿ. ಫ್ಯೂಸ್ ಡಬ್ಬಿಯ ಮುಚ್ಚಳದ ಒಳಗೆ ಚಿತ್ರ ಇರುತ್ತದೆ, ಫ್ಯೂಯಲ್ ಪಂಪಿನ ಫ್ಯೂಸ್ ಸುಟ್ಟಿದೆಯಾ ನೋಡಿ. ನಂತರ ರಿಲೇ, ಅಂದರೆ ಪಂಪಿಗೆ ಕರೆಂಟ್ ಬಿಡುವ ಸಣ್ಣ ಸ್ವಿಚ್. ಅದೇ ಡಬ್ಬಿಯಲ್ಲಿ ಹಾರ್ನಿಗೋ ಇನ್ನೊಂದಕ್ಕೋ ಅದೇ ನಂಬರಿನ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ಹಾರ್ನ್ ಕೆಟ್ಟು ಗಾಡಿ ಸ್ಟಾರ್ಟ್ ಆದರೆ ರಿಲೇಯದ್ದೇ ತಪ್ಪು. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಗುರುತಿನ ದೀಪ ಮಿಣುಕುತ್ತಲೇ ಇದ್ದರೆ ಅದು ಇಮ್ಮೊಬಿಲೈಸರ್ (ಕಳ್ಳತನ ತಡೆಯಲು ಕೀಲಿಯನ್ನು ಗುರುತಿಸುವ ವ್ಯವಸ್ಥೆ) ತಕರಾರು, ಪಂಪಿಗೆ ಸಂಬಂಧ ಇಲ್ಲದಿರಬಹುದು.

ನಮ್ಮ ಕಡೆ ಇನ್ನೊಂದು ಇದೆ. ಇಲಿ. ಅಡಿಕೆ ಚೀಲ ಇಟ್ಟ ಶೆಡ್ಡಿನ ಪಕ್ಕ ಕಾರು ನಿಲ್ಲಿಸುವವರಿಗೆ ಇದು ಗೊತ್ತೇ ಇದೆ. ಹಿಂದಿನ ಸೀಟಿನ ಕೆಳಗೆ ಬೆಚ್ಚಗಿರುತ್ತದೆ, ಗೂಡು ಕಟ್ಟಿ ವೈರ್ ಕಡಿದಿರುತ್ತವೆ. ನನ್ನ ಕಾರಿನಲ್ಲಿ ಸೀಟ್ ಎತ್ತಿದಾಗ ಒಂದು ಹಿಡಿ ಅಡಿಕೆ ಸಿಪ್ಪೆಯೂ ಮಗಳ ಕಾಲುಚೀಲದ ಅರ್ಧವೂ ಸಿಕ್ಕವು. ವೈರ್ ಮಾತ್ರ ಪುಣ್ಯಕ್ಕೆ ಉಳಿದಿತ್ತು.

ಕೊನೆಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್. ಅದಿಲ್ಲ ಅಂದರೆ ಎರಡು ವೈರ್ ಕಟ್ಟಿದ ಸಣ್ಣ 12 ವೋಲ್ಟಿನ ಟೆಸ್ಟ್ ಲ್ಯಾಂಪ್ ಸಾಕು. ಈ ಪರೀಕ್ಷೆಗೆ ಸೀಟ್ ಎತ್ತಿ, ತಗಡಿನ ಮುಚ್ಚಳ ತೆಗೆದು, ಪಂಪಿನ ಕನೆಕ್ಟರ್ ಬಿಚ್ಚಬೇಕು. ಆದರೆ ಟ್ಯಾಂಕ್ ಇನ್ನೂ ಮುಚ್ಚಿಯೇ ಇರಬೇಕು. ಮುಚ್ಚಳ ತೆಗೆದ ಕೂಡಲೇ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆದರೆ ಈ ಪರೀಕ್ಷೆ ಬೇಡ, ಅಲ್ಲಿಗೆ ನಿಲ್ಲಿಸಿ. ವಾಸನೆ ಇಲ್ಲ ಅಂದರೆ ಇನ್ನೊಬ್ಬರಿಗೆ ಕೀಲಿ ಆನ್ ಮಾಡಲು ಹೇಳಿ. ಕನೆಕ್ಟರಿನಲ್ಲಿ ಸಾಮಾನ್ಯವಾಗಿ ಎರಡು ದಪ್ಪ ವೈರ್, ಎರಡು ಸಣ್ಣ ವೈರ್ ಇರುತ್ತವೆ. ದಪ್ಪದವು ಮೋಟರಿನವು, ಸಣ್ಣವು ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟಿನವು. ಕೀಲಿ ಆನ್ ಮಾಡಿದ ಆ ಎರಡು ಸೆಕೆಂಡಿನಲ್ಲಿ ದಪ್ಪ ವೈರುಗಳ ನಡುವೆ ಸುಮಾರು 12 ವೋಲ್ಟ್ ಬಂದರೆ ದಾರಿ ಸರಿ ಇದೆ, ಮೋಟರೇ ಸತ್ತಿದೆ. ಕನೆಕ್ಟರಿನ ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಅದನ್ನೂ ಬದಲಿಸಬೇಕು. ಹೊಸ ಪಂಪಿಗೆ ಹಳೇ ಸುಟ್ಟ ಕನೆಕ್ಟರ್ ಸಿಕ್ಕಿಸಿದರೆ ಅದೇ ಕತೆ ಮತ್ತೆ ಶುರು.

ಸದ್ದು ಬರುತ್ತಿದೆ, ಆದರೂ ಗಾಡಿ ಹತ್ತುವಾಗ ಎಳೆಯುತ್ತಿಲ್ಲ ಅಂದರೆ ಪಂಪ್ ಸುಸ್ತಾಗಿರಬಹುದು, ಫಿಲ್ಟರ್ ಕಟ್ಟಿರಬಹುದು. ಅದನ್ನು ಪ್ರೆಶರ್ ಗೇಜ್ ಇಲ್ಲದೆ ಹೇಳುವುದು ಊಹೆ ಅಷ್ಟೇ.

ಸಾಮಾನು

ಟ್ಯಾಂಕ್ ಬಿಚ್ಚುವ ಮೊದಲೇ ಹೊಸ ಪಂಪ್ ಕೈಯಲ್ಲಿರಲಿ. ಬಿಚ್ಚಿಟ್ಟ ಟ್ಯಾಂಕ್ ಬಿಟ್ಟು ಶಿವಮೊಗ್ಗದ ಬಸ್ ಹಿಡಿಯುವ ಹಾಗಾಗಬಾರದು. ಅಂಗಡಿಗೆ ಹೋಗುವಾಗ ಆರ್‌ಸಿಯ ಫೋಟೋ ಇಟ್ಟುಕೊಳ್ಳಿ. ಅದರಲ್ಲಿ ಚಾಸಿ ನಂಬರ್, ಗಾಡಿ ತಯಾರಾದ ತಿಂಗಳು, ವರ್ಷ ಎಲ್ಲ ಇರುತ್ತದೆ. ಒಂದೇ ಹೆಸರಿನ ಕಾರಿಗೂ ಬೇರೆ ಬೇರೆ ವರ್ಷಕ್ಕೆ ಬೇರೆ ಪಂಪ್ ಇರುತ್ತದೆ.

ಮೋಟರ್ ಒಂದನ್ನೇ ಕೊಳ್ಳಬಹುದು, ಇಲ್ಲವೇ ಫ್ಲೋಟ್, ಫಿಲ್ಟರ್, ಪ್ಲಾಸ್ಟಿಕ್ ಬುಟ್ಟಿ ಎಲ್ಲ ಸೇರಿದ ಪೂರ್ತಿ ಅಸೆಂಬ್ಲಿ ಕೊಳ್ಳಬಹುದು. ಮೋಟರ್ ಅಗ್ಗ. ಮೊದಲ ಸಲ ಮಾಡುವವರಿಗೆ, ಕೈಯಲ್ಲಿ ದುಡ್ಡಿದ್ದರೆ, ಅಸೆಂಬ್ಲಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಒಳಗಿನ ಪ್ಲಾಸ್ಟಿಕ್ ಕೊಕ್ಕೆಗಳು ಹಳೇ ಕಾರಿನಲ್ಲಿ ಹಪ್ಪಳದ ಹಾಗೆ ಮುರಿಯುತ್ತವೆ. ನಾನು ಮೋಟರ್ ತಂದೆ, ಒಂದು ಕೊಕ್ಕೆ ಮುರಿದೆ.

ಯಾವುದೇ ತಂದರೂ ಜೊತೆಗೆ ಎರಡು ವಸ್ತು ಮರೆಯಬೇಡಿ: ಪೆಟ್ರೋಲ್ ಸೋರದಂತೆ ಪಂಪಿನ ಬಾಯಿಗೆ ಕೂರುವ ದೊಡ್ಡ ರಬ್ಬರ್ ಗ್ಯಾಸ್ಕೆಟ್, ಪಂಪಿನ ತಳದ ಜಾಲರಿ. ಮೋಟರ್ ಮಾತ್ರ ತರುವವರು ಒಳಗಿನ ಸಣ್ಣ ಹೋಸ್ ಮತ್ತು ಕ್ಲಿಪ್ಪನ್ನೂ ತನ್ನಿ. ಆ ಹೋಸ್ ಪೆಟ್ರೋಲಿನಲ್ಲಿ ಮುಳುಗಿರಲೆಂದೇ ಮಾಡಿದ್ದಾಗಿರಬೇಕು. ಎಸ್‌ಎಇ 30ಆರ್10 ಅಂತ ಗುರುತು ಇರುವುದು ಆ ಜಾತಿಯದು. ಬಾನೆಟ್ ಒಳಗೆ ಬಳಸುವ ಮಾಮೂಲಿ ಪೆಟ್ರೋಲ್ ಪೈಪ್ ಹಾಕಿದರೆ ಹೊರಗಿನಿಂದಲೂ ಪೆಟ್ರೋಲ್ ಹೀರಿ ಕೆಲ ತಿಂಗಳಲ್ಲಿ ಮೆತ್ತಗಾಗುತ್ತದೆ.

ಆಯುಧಗಳು ಕಡಿಮೆ. 8, 10, 12 ಎಂಎಂ ಸಾಕೆಟ್, ಪ್ಲಸ್ ಸ್ಕ್ರೂಡ್ರೈವರ್, ಮೂತಿ ಇಕ್ಕಳ, ಹಳೇ ಪೇಂಟ್ ಬ್ರಷ್, ಸೈಕಲ್ ಪಂಪ್, ಮರದ ಕೊಡತಿ, ಹತ್ತಿ ಬಟ್ಟೆ, ಪೆಟ್ರೋಲ್ ತಡೆಯುವ ಕೈಗವಸು. ಬೋಲ್ಟ್ ಹಾಕಿಡಲು ಒಂದು ಅಡಿಕೆ ಹಾಳೆ ತಟ್ಟೆ. ಪೆಟ್ರೋಲ್ ತೆಗೆಯಬೇಕಾದರೆ ಕೈಯಲ್ಲಿ ಒತ್ತುವ ಸೈಫನ್ ಪಂಪ್ ಮತ್ತು ಮುಚ್ಚಳ ಇರುವ ಲೋಹದ ಕ್ಯಾನ್. ಪೈಪಿಗೆ ಬಾಯಿ ಹಾಕಿ ಎಳೆಯುವುದು ಬೇಡವೇ ಬೇಡ. ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ. ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಒಂದು ಕೈಗೆಟುಕುವಲ್ಲಿ ಇರಲಿ, ಜೊತೆಗೆ ಒಂದು ಬಕೆಟ್ ಒಣ ಮರಳು. ನೀರು ಸುರಿದರೆ ಉರಿಯುವ ಪೆಟ್ರೋಲ್ ಅದರ ಮೇಲೆ ತೇಲಿ ಹರಡುತ್ತದೆ.

ಜಾಗ ಮತ್ತು ಬಚ್ಚಲೊಲೆ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹಾರಿ ಹೋಗುವುದಿಲ್ಲ, ನೆಲ ಹಿಡಿದು ತೆವಳುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಚಳಿಗಾಲದ ಬೆಳಗಿನಲ್ಲೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಮಲೆನಾಡಿನ ಮನೆಯಲ್ಲಿ ತಗ್ಗಿಗೆ ಏನಿರುತ್ತದೆ ಯೋಚಿಸಿ. ಅಂಗಳದ ಕೆಳಗೆ ಬಚ್ಚಲು, ಬಚ್ಚಲಲ್ಲಿ ಹಂಡೆ, ಹಂಡೆಯ ಕೆಳಗೆ ಬೆಳಗಿಂದ ರಾತ್ರಿವರೆಗೂ ಕೆಂಡ.

ನಾನು ಮೊದಲು ಕಾರ್ ಶೆಡ್ಡಿನಲ್ಲೇ ಬಿಚ್ಚೋಣ ಅಂತಿದ್ದೆ. ಶೆಡ್ಡಿನಿಂದ ಬಚ್ಚಲಿಗೆ ಹತ್ತು ಹೆಜ್ಜೆ. ಒಲೆ ಆರಿಸಮ್ಮ ಅಂದರೆ ಅಮ್ಮ, "ಬೆಳಿಗ್ಗೆ ಬೆಳಿಗ್ಗೆ ಒಲೆ ಆರಿಸು ಅಂತೀಯಲ್ಲೋ, ಎಲ್ರೂ ತಣ್ಣೀರು ಹೊಯ್ಕೊಳ್ಬೇಕಾ?" ಅಂದರು. ಕೊನೆಗೆ ರಾಜಿ ಆಯಿತು. ಎಲ್ಲರ ಸ್ನಾನ ಏಳೂವರೆಗೇ ಮುಗಿಯಿತು, ಕೆಂಡಕ್ಕೆ ನೀರು ಬಿತ್ತು, ನಾವು ಮೂರು ಜನ ಸೇರಿ ಕಾರನ್ನು ಅಡಿಕೆ ಒಣಹಾಕುವ ಅಂಗಳಕ್ಕೆ ತಳ್ಳಿದೆವು. ಅಲ್ಲಿ ನಾಲ್ಕೂ ಕಡೆಯಿಂದ ಗಾಳಿ. ಬಚ್ಚಲಿನ ಜೊತೆಗೆ ಗ್ಯಾಸ್ ಗೀಸರ್, ದೇವರ ದೀಪ, ಹತ್ತಿರದಲ್ಲಿ ಓಡುವ ಮೋಟರ್ ಪಂಪ್, ವೆಲ್ಡಿಂಗ್ ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೀಡಿ ಸೇದುತ್ತ "ಏನ್ ಬಿಚ್ತಿದೀರಿ?" ಅಂತ ಬಗ್ಗಿ ನೋಡಲು ಬರುವ ನೆಂಟರನ್ನು ಗೇಟಿನಲ್ಲೇ ತಡೆಯಿರಿ.

ಹಗಲಲ್ಲೇ ಮಾಡಿ. ಹತ್ತಿ ಬಟ್ಟೆ ಹಾಕಿಕೊಳ್ಳಿ, ನೈಲಾನ್ ಜರ್ಕಿನ್ ಬೇಡ. ಮಳೆ ಬರುವ ಹಾಗಿದ್ದರೆ ಇನ್ನೊಂದು ದಿನ ನೋಡಿ. ತೆರೆದ ಟ್ಯಾಂಕಿಗೆ ನೀರು ಬೀಳಬಾರದು, ಟಾರ್ಪಾಲ್ ಕಟ್ಟಿದರೆ ಗಾಳಿ ನಿಲ್ಲುತ್ತದೆ.

ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗಕ್ಕಿಂತ ಕಡಿಮೆ ಇರಲಿ. ತುಂಬಿದ ಟ್ಯಾಂಕಿನ ಪಂಪ್ ಬಿಚ್ಚಿದರೆ ಪೆಟ್ರೋಲ್ ಕಾರಿನೊಳಗೇ ತುಳುಕುತ್ತದೆ.

ಒತ್ತಡ ಇಳಿಸುವುದು

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಇಂಜೆಕ್ಷನ್ ಕಾರಿನ ಪೆಟ್ರೋಲ್ ಪೈಪಿನಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಇರುತ್ತದೆ. ಟಯರಿಗೆ ನಾವು ಹಾಕಿಸುವ 32 ಪಿಎಸ್‌ಐ ಅಂದರೆ 2.2 ಬಾರ್. ಟಯರಿಗಿಂತ ಜಾಸ್ತಿ ಒತ್ತಡದ ಪೆಟ್ರೋಲ್ ಅದು. ಗಾಡಿ ಆಫ್ ಮಾಡಿ ಗಂಟೆಗಳಾದ ಮೇಲೂ ಉಳಿದಿರಬಹುದು.

ಗಾಡಿ ಇನ್ನೂ ಓಡುತ್ತಿದ್ದರೆ: ಪಂಪಿನ ಫ್ಯೂಸ್ ಕಿತ್ತು ಸ್ಟಾರ್ಟ್ ಮಾಡಿ. ಪೈಪಿನಲ್ಲಿ ಉಳಿದದ್ದು ಕುಡಿದು ಅದಾಗಿಯೇ ನಿಲ್ಲುತ್ತದೆ. ಮತ್ತೆ ಎರಡು ಸಲ ಸೆಲ್ಫ್ ಹೊಡೆಯಿರಿ. ನನ್ನ ಹಾಗೆ ಪೂರ್ತಿ ಸತ್ತ ಗಾಡಿಯಾದರೂ ಫ್ಯೂಸ್ ಕಿತ್ತು ಐದಾರು ಸೆಕೆಂಡ್ ಸೆಲ್ಫ್ ತಿರುಗಿಸಿ. ಆಮೇಲೆ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ ಬದಿಗೆ ಸರಿಸಿ, ಬಟ್ಟೆ ಸುತ್ತಿಡಿ. ಟರ್ಮಿನಲ್ ಬಿಚ್ಚುವಾಗ ಸಣ್ಣ ಕಿಡಿ ಹಾರಬಹುದು. ಅದಕ್ಕೇ ಇದನ್ನು ಟ್ಯಾಂಕ್ ತೆರೆಯುವ ಮೊದಲೇ ಮುಗಿಸಬೇಕು. ಕಾರಿನ ಎಲ್ಲ ಬಾಗಿಲು, ಡಿಕ್ಕಿ ತೆರೆದಿಡಿ. ಪೆಟ್ರೋಲ್ ಹಾಕುವ ಮುಚ್ಚಳವನ್ನೂ ಒಮ್ಮೆ ತಿರುಗಿಸಿ, ಒಳಗಿನ ಗಾಳಿ "ಉಸ್" ಅಂತ ಹೋಗಲಿ.

ಬಿಚ್ಚುವುದು

ಹಿಂದಿನ ಸೀಟಿನ ಕೂರುವ ಭಾಗ ಕೆಲವು ಕಾರಲ್ಲಿ ಮುಂದಿನ ಅಂಚು ಹಿಡಿದು ಮೇಲಕ್ಕೆ ಜಗ್ಗಿದರೆ ಬರುತ್ತದೆ, ಕೆಲವದರಲ್ಲಿ ಒಂದೆರಡು ಬೋಲ್ಟ್ ಇರುತ್ತವೆ. ಮುಚ್ಚಳದ ಸ್ಕ್ರೂ ತೆಗೆದರೂ ಅದು ಕಪ್ಪು ಅಂಟಿನಿಂದ ಹಿಡಿದುಕೊಂಡಿರುತ್ತದೆ. ನಿಧಾನವಾಗಿ ಎಬ್ಬಿಸಿ, ತಗಡು ಬಾಗಿಸಬೇಡಿ.

ಒಳಗೆ ನೋಡಿದರೆ ಗಾಬರಿಯಾಗುತ್ತದೆ. ನಮ್ಮ ರಸ್ತೆಗಳ ಕೆಮ್ಮಣ್ಣು ಪಂಪಿನ ತಲೆಯ ಮೇಲೆ ಬೆರಳು ದಪ್ಪ ಕೂತಿತ್ತು. ಇದನ್ನು ಈಗಲೇ ತೆಗೆಯಬೇಕು. ಟ್ಯಾಂಕ್ ತೆರೆದ ಮೇಲೆ ಬಿದ್ದ ಪ್ರತಿ ಕಣವೂ ಹೊಸ ಪಂಪಿನ ಬಾಯಿಗೆ ಹೋಗುತ್ತದೆ. ಬ್ರಷ್ಷಿನಲ್ಲಿ ಗುಡಿಸಿ, ಸೈಕಲ್ ಪಂಪಿನಲ್ಲಿ ಊದಿ, ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ. ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಮೋಟರಿನಲ್ಲೂ ಕಿಡಿ ಇದೆ. ನನಗೆ ಈ ಗುಡಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು.

ಈಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಫೋನನ್ನು ದೂರ ಇಡಿ. ಪಂಪಿನ ತಲೆಯ ಮೇಲೂ ಟ್ಯಾಂಕಿನ ಮೇಲೂ ಸೇರಿ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಪಂಪ್ ವಾಪಸ್ ಅದೇ ದಿಕ್ಕಿಗೆ ಕೂರಬೇಕು, ಇಲ್ಲದಿದ್ದರೆ ಫ್ಲೋಟಿನ ಕಡ್ಡಿ ಟ್ಯಾಂಕಿನ ಗೋಡೆಗೆ ತಾಗಿ ಮೀಟರ್ ಸುಳ್ಳು ಹೇಳುತ್ತದೆ.

ಕನೆಕ್ಟರಿನ ಲಾಕ್ ಒತ್ತಿ ಎಳೆಯಿರಿ. ಪೆಟ್ರೋಲ್ ಪೈಪಿನ ಕ್ಲಿಪ್ ಮೊದಲ ಸಲ ಎಲ್ಲರನ್ನೂ ಸತಾಯಿಸುತ್ತದೆ. ನಾವು ಸೀದಾ ಹೊರಗೆ ಎಳೆಯುತ್ತೇವೆ, ಅದು ಇನ್ನೂ ಬಿಗಿಯಾಗುತ್ತದೆ. ಅದರ ಗುಟ್ಟು ಬೇರೆ. ಸುತ್ತ ಬಟ್ಟೆ ಹಿಡಿದು, ಮೊದಲು ಪೈಪನ್ನು ಪಂಪಿನ ಕಡೆಗೇ ಒಂದಿಷ್ಟು ತಳ್ಳಿ. ತಳ್ಳಿ ಹಿಡಿದೇ ಎರಡೂ ಬದಿಯ ಕಿವಿ ಒತ್ತಿ. ಈಗ ಎಳೆಯಿರಿ. "ಟಕ್" ಅಂತ ಬರುತ್ತದೆ. ಬಟ್ಟೆ ಒದ್ದೆಯಾಗುವಷ್ಟು ಪೆಟ್ರೋಲ್ ಬಂದರೆ ಅದು ಮಾಮೂಲು. ಸ್ಕ್ರೂಡ್ರೈವರಿನಲ್ಲಿ ಮೀಟಬೇಡಿ. ಆ ಕಿವಿ ಮುರಿದರೆ ಇಡೀ ಪೈಪ್ ಹುಡುಕಿಕೊಂಡು ಹೋಗಬೇಕು.

ಪಂಪಿನ ತಲೆ ಕೆಲವು ಕಾರಲ್ಲಿ ಸಣ್ಣ ಬೋಲ್ಟುಗಳಲ್ಲಿ ಕೂತಿರುತ್ತದೆ, ಕೆಲವದರಲ್ಲಿ ದೊಡ್ಡ ಉಂಗುರದಲ್ಲಿ. ಬೋಲ್ಟ್ ಆದರೆ ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಉಂಗುರವಾದರೆ ಅಂಚಿಗೆ ಮರದ ತುಂಡು ಇಟ್ಟು ಕೊಡತಿಯಿಂದ ಎಡಕ್ಕೆ ತಟ್ಟುತ್ತ ಬನ್ನಿ. ಕಬ್ಬಿಣದ ಉಳಿ, ಕಬ್ಬಿಣದ ಸುತ್ತಿಗೆ ಇಲ್ಲಿ ಹತ್ತಿರ ತರಬೇಡಿ.

ಅಸೆಂಬ್ಲಿಯನ್ನು ನೇರ ಎಳೆಯಬೇಡಿ. ಒಂದಷ್ಟು ಎತ್ತಿ, ಬುಟ್ಟಿಯಲ್ಲಿ ನಿಂತ ಪೆಟ್ರೋಲ್ ಟ್ಯಾಂಕಿಗೇ ಇಳಿಯಲಿ ಅಂತ ಒಂದು ನಿಮಿಷ ಕಾಯಿರಿ. ಆಮೇಲೆ ಓರೆ ಮಾಡಿ ಫ್ಲೋಟಿನ ಕಡ್ಡಿಯನ್ನು ಬಾಯಿಯಿಂದ ನಾಜೂಕಾಗಿ ಹೊರಗೆ ತನ್ನಿ. ಹೊರಗೆ ಬಂದ ಕೂಡಲೇ ಟ್ಯಾಂಕಿನ ಬಾಯಿಗೆ ಬಟ್ಟೆ ಮುಚ್ಚಿ.

ಒಳಗೆ ಏನಿತ್ತು

ಕೈಯಲ್ಲಿ ಪಂಪ್ ಬಂದಾಗ ಅದು ಯಾಕೆ ಸತ್ತಿತು ಅಂತ ಕೇಳುವ ಒಳ್ಳೇ ಸಮಯ. ತಳದ ಜಾಲರಿ ನೋಡಿ. ನನ್ನದು ಬೆಳ್ಳಗಿರಬೇಕಾದದ್ದು ಕಾಫಿ ಗಷ್ಟಿನ ಬಣ್ಣಕ್ಕೆ ತಿರುಗಿತ್ತು. ಟ್ಯಾಂಕಿನ ತಳದಿಂದ ಸೈಫನ್ನಿನಲ್ಲಿ ಅರ್ಧ ಲೀಟರ್ ತೆಗೆದು ಉಪ್ಪಿನಕಾಯಿಯ ಹಳೇ ಗಾಜಿನ ಬಾಟಲಿಗೆ ಹಾಕಿ, ಹತ್ತು ನಿಮಿಷ ಅಲ್ಲಾಡಿಸದೆ ಬಿಟ್ಟೆ. ಕೆಳಗೆ ಒಂದು ಬೆರಳಷ್ಟು ಮಬ್ಬು ಪದರ, ಮೇಲೆ ಪೆಟ್ರೋಲ್. ನಡುವೆ ಗೆರೆ ಎಳೆದ ಹಾಗೆ.

ಅದು ನೀರು ಸೇರಿದ ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಬಿಡುಗಡೆಯಾಯಿತು, ಅಂದರೆ ನೂರಕ್ಕೆ 20 ಭಾಗ ಎಥನಾಲ್ ಇರುವ ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿವರೆಗೆ ಕರಗಿಸಿಕೊಂಡಿರುತ್ತದೆ, ಮಿತಿ ದಾಟಿದರೆ ನೀರನ್ನೂ ಕರೆದುಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಪಂಪ್ ಹೀರುವುದು ತಳದಿಂದಲೇ. ನಾನು ಮಳೆಗಾಲದ ಎರಡು ತಿಂಗಳು ಕಾರನ್ನು ಕಾಲು ಟ್ಯಾಂಕಿನಲ್ಲಿ ಸುಮ್ನೆ ನಿಲ್ಲಿಸಿದ್ದೆ. ಟ್ಯಾಂಕ್ ಮುಚ್ಚಳದ ರಬ್ಬರ್ ಒಡೆದಿದ್ದು ಆಮೇಲೆ ಕಣ್ಣಿಗೆ ಬಿತ್ತು. ನಮ್ಮ ಮಳೆಗೆ ಅಷ್ಟು ಸಂದು ಸಾಕು.

ಇನ್ನೊಂದು ಕಾರಣ ನನ್ನ ಜಿಪುಣತನ. ರಿಸರ್ವ್ ದೀಪ ಬಂದ ಮೇಲೇ ಐನೂರು ರೂಪಾಯಿಗೆ ಹಾಕಿಸುವ ಅಭ್ಯಾಸ. ಮುಳುಗಿರುವ ಪಂಪನ್ನು ತಂಪಾಗಿಡುವುದೂ ಪೆಟ್ರೋಲೇ. ಘಾಟಿ ಹತ್ತುವಾಗ ಕಡಿಮೆ ಪೆಟ್ರೋಲ್ ಒಂದು ಮೂಲೆಗೆ ಸರಿದರೆ ಪಂಪ್ ಗಾಳಿ ಹೀರುತ್ತದೆ, ಬಿಸಿಯಾಗುತ್ತದೆ.

ತಳದಲ್ಲಿ ಹೀಗೆ ನೀರು ಕಂಡರೆ ಟ್ಯಾಂಕಿನಲ್ಲಿರುವುದನ್ನೆಲ್ಲ ತೆಗೆದುಬಿಡಿ, ತಳವನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ. ತುಕ್ಕು ಪದರ ಪದರವಾಗಿ ಏಳುತ್ತಿದ್ದರೆ ಪಂಪ್ ಬದಲಿಸಿ ಪ್ರಯೋಜನ ಇಲ್ಲ, ಟ್ಯಾಂಕೇ ಆಗಬೇಕು.

ಕೂರಿಸುವುದು

ಪೂರ್ತಿ ಅಸೆಂಬ್ಲಿ ತಂದವರು ಈ ಪ್ಯಾರಾ ಬಿಡಬಹುದು. ಮೋಟರ್ ಮಾತ್ರ ಬದಲಿಸುವವರು ಕಾರಿನಿಂದ ದೂರ, ನೆರಳಿನಲ್ಲಿ ಕೂತುಕೊಳ್ಳಿ. ಪ್ಲಾಸ್ಟಿಕ್ ಕೊಕ್ಕೆಗಳನ್ನು ಒಂದೊಂದಾಗಿ ಬಿಡಿಸಿ. ಪ್ಲಸ್, ಮೈನಸ್ ಯಾವುದು ಎಲ್ಲಿತ್ತು ಅಂತ ಗುರುತು ಮಾಡಿ. ಅದಲು ಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ, ಸದ್ದು ಬರುತ್ತದೆ, ಪೆಟ್ರೋಲ್ ಬರುವುದಿಲ್ಲ. ಹೊಸ ಹೋಸ್, ಹೊಸ ಕ್ಲಿಪ್, ಹೊಸ ಜಾಲರಿ. ಹೊಸ ಮೋಟರನ್ನು "ತಿರುಗುತ್ತಾ ನೋಡೋಣ" ಅಂತ ಬ್ಯಾಟರಿಗೆ ಹಚ್ಚಬೇಡಿ. ಒಣಗಿದ ಪಂಪ್ ಓಡಿಸಿದರೆ ಸವೆಯುತ್ತದೆ, ಪೆಟ್ರೋಲ್ ಮೆತ್ತಿದ ಕೈಯಲ್ಲಿ ಕಿಡಿ ಹಾರಿಸುವುದಂತೂ ಹುಚ್ಚುತನ.

ಇನ್ನು ಗ್ಯಾಸ್ಕೆಟ್. ನಾನು ಎರಡು ಸಲ ಬಿಚ್ಚಿದ್ದು ಇದರ ದೆಸೆಯಿಂದ. ಮೊದಲ ಸಲ ಗ್ಯಾಸ್ಕೆಟ್ ತರಲು ಮರೆತಿದ್ದೆ. ಹಳೆಯದು ನೋಡಲು ಚೆನ್ನಾಗಿಯೇ ಇತ್ತು. ಆದರೆ ಪೆಟ್ರೋಲಿನ ಆವಿ ಕುಡಿದ ರಬ್ಬರ್ ಉಬ್ಬಿರುತ್ತದೆ, ತೋಡಿನಲ್ಲಿ ಕೂರುವುದಿಲ್ಲ. ಒತ್ತಿ ಒತ್ತಿ ಕೂರಿಸಿದೆ. ಹದಿನೈದು ದಿನ ಏನೂ ಆಗಲಿಲ್ಲ, ಟ್ಯಾಂಕ್ ಅರ್ಧಕ್ಕಿಂತ ಮೇಲೆ ಹೋಗಿರಲಿಲ್ಲವಲ್ಲ. ಒಂದು ದಿನ ಉಡುಪಿಯಲ್ಲಿ ಟ್ಯಾಂಕ್ ತುಂಬಿಸಿ ವಾಪಸ್ ಹೊರಟೆವು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ, 14 ತಿರುವುಗಳಲ್ಲಿ ಇನ್ನೂ ನಾಲ್ಕನೆಯದು ದಾಟಿರಲಿಲ್ಲ, ಹಿಂದೆ ಕೂತ ಮಗಳು "ಅಪ್ಪಾ, ಪೆಟ್ರೋಲ್ ವಾಸ್ನೆ" ಅಂದಳು. ಹತ್ತುವಾಗ ಪೆಟ್ರೋಲ್ ಹಿಂದಕ್ಕೆ ವಾಲಿ ಗ್ಯಾಸ್ಕೆಟ್ ಸಂದಿನಿಂದ ಜಿನುಗುತ್ತಿತ್ತು. ಕಿಟಕಿ ಎಲ್ಲ ಇಳಿಸಿ ಹೇಗೋ ಆಗುಂಬೆ ಮುಟ್ಟಿದೆವು. ಹಾಗೆ ಓಡಿಸಿದ್ದೂ ದಡ್ಡತನವೇ. ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಬೇಕಿತ್ತು.

ಹಾಗಾಗಿ ಹೊಸ ಗ್ಯಾಸ್ಕೆಟ್ ಹಾಕಿ. ತೋಡನ್ನು ಒರೆಸಿ, ಸುತ್ತಲೂ ಒಂದೇ ಸಮ ಕೂರಿಸಿ. ಸಿಲಿಕಾನ್ ಅಂಟು ಮೆತ್ತಬೇಡಿ. ಮಾಮೂಲಿ ಸಿಲಿಕಾನ್ ಪೆಟ್ರೋಲಿನಲ್ಲಿ ಮೆತ್ತಗಾಗಿ ಎದ್ದು ಬಂದು ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಅಸೆಂಬ್ಲಿಯನ್ನು ಓರೆಯಾಗಿಯೇ ಇಳಿಸಿ, ಮಾರ್ಕರಿನ ಗೆರೆ ಕೂಡಿಸಿ, ಬೋಲ್ಟುಗಳನ್ನು ಎದುರು ಬದುರಾಗಿ ಬಿಗಿಮಾಡಿ. ಸಣ್ಣ ಬೋಲ್ಟುಗಳವು, ಮಣಿಕಟ್ಟಿನ ಬಲ ಸಾಕು. ಪೈಪ್ ಸಿಕ್ಕಿಸಿ "ಟಕ್" ಕೇಳಿದ ಮೇಲೆ ಒಮ್ಮೆ ಎಳೆದು ನೋಡಿ. ಕನೆಕ್ಟರ್ ಹಾಕಿ.

ಸ್ಟಾರ್ಟ್ ಮಾಡುವ ಮೊದಲು

ಪೆಟ್ರೋಲ್ ಮೆತ್ತಿದ ಬಟ್ಟೆಗಳನ್ನೆಲ್ಲ ದೂರ ಒಯ್ದು ಬಿಸಿಲಿಗೆ ಹರಡಿ. ಟ್ಯಾಂಕ್ ಖಾಲಿ ಮಾಡಿದ್ದರೆ ಹೊಸ ಪೆಟ್ರೋಲ್ ಕನಿಷ್ಠ ಐದು ಲೀಟರ್ ಹಾಕಿ. ಬಾಗಿಲು ತೆರೆದೇ ಇರಲಿ, ಅರ್ಧ ಗಂಟೆ ಬಿಡಿ. ಮೂಗಿಗೆ ಏನೂ ಸಿಗುತ್ತಿಲ್ಲ ಅಂತ ಆದ ಮೇಲೆ ಫ್ಯೂಸ್ ಹಾಕಿ, ಕೊನೆಯಲ್ಲಿ ಬ್ಯಾಟರಿಯ ಮೈನಸ್.

ಕೀಲಿ ಆನ್ ಮಾಡಿ, ಸದ್ದು ನಿಂತ ಮೇಲೆ ಆಫ್ ಮಾಡಿ. ಹೀಗೆ ನಾಲ್ಕೈದು ಸಲ. ಖಾಲಿ ಪೈಪ್ ತುಂಬುತ್ತದೆ. ಪ್ರತಿ ಸಲವೂ ಪೈಪಿನ ಬುಡ, ಗ್ಯಾಸ್ಕೆಟ್ಟಿನ ಸುತ್ತ ಎಲ್‌ಇಡಿ ಟಾರ್ಚ್ ಬಿಟ್ಟು ನೋಡಿ. ಒಂದು ಹನಿ ಕಂಡರೂ ಮುಂದೆ ಹೋಗಬೇಡಿ. ಎಲ್ಲ ಒಣಗಿದ್ದರೆ ಈಗ ಸೆಲ್ಫ್. ಮೊದಲ ಸಲಕ್ಕೆ ಸ್ವಲ್ಪ ಹೊತ್ತು ತಿರುಗಬಹುದು, ಗಾಬರಿ ಬೇಡ. ಹತ್ತು ನಿಮಿಷ ಓಡಲು ಬಿಟ್ಟು ಮತ್ತೆ ನೋಡಿ.

ನಾನು ಎರಡನೇ ಸಲ ಮಾಡಿದಾಗ ಸೀಟ್ ಹಾಕದೆ, ಟ್ಯಾಂಕ್ ತುಂಬಿಸಿ, ಒಬ್ಬನೇ ಮನೆ ಹತ್ತಿರದ ಏರಿನಲ್ಲಿ ಎರಡು ಸುತ್ತು ಹೊಡೆದೆ. ಗ್ಯಾಸ್ಕೆಟ್ ಒಣಗಿಯೇ ಇತ್ತು. ಆಮೇಲಷ್ಟೇ ತಗಡಿನ ಮುಚ್ಚಳಕ್ಕೆ ಬ್ಯುಟೈಲ್ ಟೇಪ್ ಸುತ್ತ ಹಚ್ಚಿ ಮುಚ್ಚಿದೆ. ಟೇಪ್ ಇಲ್ಲದಿದ್ದರೆ ಕೆಳಗಿನಿಂದ ಧೂಳು, ನೀರು ಮತ್ತೆ ಒಳಗೆ ಬರುತ್ತದೆ.

ತೆಗೆದ ಕೆಟ್ಟ ಪೆಟ್ರೋಲನ್ನು ಹಳ್ಳಕ್ಕೋ ತೋಟದ ಬಸಿಗಾಲುವೆಗೋ ಚೆಲ್ಲಬೇಡಿ, ಅದೇ ನೀರು ಕೆಳಗಿನ ಮನೆಯ ಬಾವಿಗೆ ಇಳಿಯುತ್ತದೆ. ಒಲೆ ಹಚ್ಚಲು, ಸೋಗೆ ಸುಡಲು ಅಂತೂ ಬೇಡವೇ ಬೇಡ. ಗುರುತು ಬರೆದು ಕ್ಯಾನಿನಲ್ಲಿ ಮುಚ್ಚಿ, ಗ್ಯಾರೇಜಿನವರು ಹಳೇ ಆಯಿಲ್ ಜೊತೆ ತೆಗೆದುಕೊಳ್ಳುತ್ತಾರಾ ಕೇಳಿ.

ಸೀಟ್ ವಾಪಸ್ ಕೂರಿಸುವಾಗ ಸೀಟ್ ಬೆಲ್ಟಿನ ಬಕಲುಗಳು ಮೇಲೆ ಬಂದಿವೆಯಾ ನೋಡಿ. ನನ್ನದೊಂದು ಕೆಳಗೇ ಉಳಿದಿತ್ತು. ಅಷ್ಟು ಹೊತ್ತಿಗೆ ಅಮ್ಮ ಸಂಜೆಯ ಬಚ್ಚಲೊಲೆಗೆ ಕಟ್ಟಿಗೆ ತುಂಬಿಸಿ "ಹಚ್ಚಲೇನೋ ಈಗಾದ್ರೂ?" ಅಂತ ಕೂಗುತ್ತಿದ್ದರು. "ಹಚ್ಚಮ್ಮಾ" ಅಂದು, ಮತ್ತೆ ಸೀಟ್ ಎತ್ತಿದೆ.